ಎದೆನೋವನ್ನು ಗ್ಯಾಸ್ ಎಂದು ತಳ್ಳಿಹಾಕದಿರಿ

ಕೆಲವು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ರಾಗಿ ಬೆಳೆಯ ಕ್ಷೇತ್ರೋತ್ಸವವನ್ನು ಏರ್ಪಡಿಸಿದ್ದೆವು. ಪ್ರಾತ್ಯಕ್ಷಿಕೆಯ ತಾಕು ಇದ್ದದ್ದು 51 ವರ್ಷದ ಒಬ್ಬ ಪ್ರಗತಿಪರ ರೈತರ ಹೊಲದಲ್ಲಿ. ನಾವು ಬೆಳಿಗ್ಗೆ 11 ಗಂಟೆಗೆ ಅಲ್ಲಿಗೆ ತಲುಪಿದಾಗ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಬದುವಿನ ಮೇಲೆ ಕುಳಿತಿದ್ದರು. ವಿಚಾರಿಸಿದಾಗ, "ಆರು ಗಂಟೆಗೆ ಮೋಟ್ರು ಹಾಕಕ್ಕೆ ಹೋದಾಗಿಂದ ಎದೆ ಬಿಗಿದಂಗೈತೆ ಸಾರ್, ಗ್ಯಾಸ್ ಇರ್ಬೇಕು" ಎಂದರು. ಹಣೆಯಲ್ಲಿ ಬೆವರಿತ್ತು. ಬಿಸಿಲಿನ ಬೆವರೆಂದು ನಾನು ಭಾವಿಸಿದೆ. "ರಾತ್ರಿ ಊಟ ಹೆಚ್ಚಾಗಿರಬೇಕು, ಒಂದು ಸೋಡಾ ಕುಡಿದು ಸ್ವಲ್ಪ ಹೊತ್ತು ಮಲಗಿ" ಎಂದು ಹೇಳಿದವನು ನಾನೇ. ಅವರು ಸೋಡಾ ಕುಡಿದರು, ಆದರೆ ಮಲಗಲಿಲ್ಲ. ಬಂದ ರೈತರಿಗೆಲ್ಲ ತಾಕನ್ನು ತೋರಿಸುತ್ತ ಮಧ್ಯಾಹ್ನದವರೆಗೂ ನಿಂತೇ ಇದ್ದರು. ಮೂರು ಗಂಟೆಗೆ ಕುಸಿದು ಬಿದ್ದರು. ತಾಲ್ಲೂಕು ಆಸ್ಪತ್ರೆ ಸೇರುವಾಗ ನಾಲ್ಕು ಗಂಟೆ. ಆಗಿದ್ದದ್ದು ಹೃದಯಾಘಾತ. ಅದು ಆರಂಭವಾಗಿ ಹತ್ತು ಗಂಟೆ ಕಳೆದಿತ್ತು.

ಅವರು ಬದುಕಿ ಉಳಿದರು. ಆದರೆ ಹೃದಯದ ಸ್ನಾಯುವಿನ ದೊಡ್ಡ ಭಾಗ ಸತ್ತುಹೋಗಿತ್ತು. ಇಂದು ಅವರು ನೂರು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಾರೆ. ಹೊಲವನ್ನು ವಾರಕ್ಕೆ ಕೊಟ್ಟಿದ್ದಾರೆ. ಹೋದ ವರ್ಷ ಅವರನ್ನು ಕಂಡಾಗ, "ಬೆಳೆಗೆ ರೋಗ ಬಂದ್ರೆ ಎಷ್ಟು ದಿನದೊಳಗೆ ಔಷಧಿ ಹೊಡೀಬೇಕು ಅಂತ ಬರೀತೀರಲ್ಲ ಸಾರ್, ಇದನ್ನೂ ಒಂದ್ಸಲ ಬರೀರಿ" ಎಂದರು. ಅವರು ನನ್ನನ್ನು ದೂರಲಿಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ನಾನು ವೈದ್ಯನಲ್ಲ, ಬೇಸಾಯಶಾಸ್ತ್ರದ ಅಧ್ಯಾಪಕ. ಆದುದರಿಂದ ವೈದ್ಯಮಿತ್ರರಿಂದ ಕೇಳಿ, ಓದಿ ತಿಳಿದುಕೊಂಡ ವಿಷಯವನ್ನು ರೈತ ಬಾಂಧವರ ಮುಂದೆ ಇಡುತ್ತಿದ್ದೇನೆ. ಹೃದಯಾಘಾತದಲ್ಲಿ ಕಳೆದ ಪ್ರತಿ ಗಳಿಗೆಯೂ ಸ್ನಾಯುವಿನ ನಷ್ಟವೇ ಎಂಬುದು ಈ ಲೇಖನದ ತಿರುಳು.

ಹೃದಯದ ರಚನೆ ಮತ್ತು ಕೆಲಸ

ಹೃದಯವು ಎದೆಗೂಡಿನಲ್ಲಿ ಎರಡು ಶ್ವಾಸಕೋಶಗಳ ನಡುವೆ, ಸ್ವಲ್ಪ ಎಡಕ್ಕೆ ವಾಲಿಕೊಂಡಿರುವ ಸ್ನಾಯುವಿನ ಚೀಲ. ಗಾತ್ರದಲ್ಲಿ ಅವರವರ ಮುಷ್ಟಿಯಷ್ಟು, ತೂಕದಲ್ಲಿ ಸುಮಾರು 250ರಿಂದ 300 ಗ್ರಾಂ. ಇದರಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ದೇಹದಿಂದ ಬಂದ ಅಶುದ್ಧ ರಕ್ತವನ್ನು ಬಲಭಾಗವು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕವನ್ನು ತುಂಬಿಕೊಂಡು ಬಂದ ರಕ್ತವನ್ನು ಎಡಭಾಗವು ದೇಹಕ್ಕೆಲ್ಲ ತಳ್ಳುತ್ತದೆ. ರಕ್ತವು ಹೀಗೆ ಸುತ್ತಿ ಸುತ್ತಿ ಬರುತ್ತದೆಂಬುದನ್ನು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು.

ಕೋಣೆಗಳ ಬಾಗಿಲುಗಳಲ್ಲಿ ನಾಲ್ಕು ಕವಾಟಗಳಿವೆ. ಬಾವಿಯ ಪಂಪಿನ ಫುಟ್‌ವಾಲ್ವ್ ನೀರನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ಬಿಡದಿರುವಂತೆ, ಈ ಕವಾಟಗಳು ರಕ್ತವನ್ನು ಒಂದೇ ದಿಕ್ಕಿಗೆ ಬಿಡುತ್ತವೆ.

ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯ ನಿಮಿಷಕ್ಕೆ ಸುಮಾರು 72 ಸಲ ಬಡಿಯುತ್ತದೆ. ಅಂದರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸಲ. ಪ್ರತಿ ನಿಮಿಷ ಸುಮಾರು 5 ಲೀಟರಿನಂತೆ ದಿನಕ್ಕೆ 7,200 ಲೀಟರ್ ರಕ್ತವನ್ನು ಅದು ತಳ್ಳುತ್ತದೆ. 16 ಲೀಟರಿನ ಬೆನ್ನು ಸಿಂಪರಣಾ ಯಂತ್ರವನ್ನು 450 ಸಲ ತುಂಬಿ ಖಾಲಿ ಮಾಡಿದಷ್ಟು ಕೆಲಸವಿದು. ಹೊಟ್ಟೆಗೆ ಉಪವಾಸದ ದಿನವುಂಟು, ಕೈಕಾಲುಗಳಿಗೆ ನಿದ್ರೆಯ ಹೊತ್ತುಂಟು. ಹೃದಯಕ್ಕೆ ಸಂಪೂರ್ಣ ಬಿಡುವು ಎಂಬುದಿಲ್ಲ.

ಇಷ್ಟು ದುಡಿಯುವ ಸ್ನಾಯುವಿಗೆ ಆಹಾರವೂ ಆಮ್ಲಜನಕವೂ ಬೇಕು. ಅದರ ಒಳಗೇ ರಕ್ತ ತುಂಬಿದ್ದರೂ ದಪ್ಪನಾದ ಸ್ನಾಯುವಿಗೆ ಆ ರಕ್ತ ನೇರವಾಗಿ ಸಾಕಾಗುವುದಿಲ್ಲ. ಹೃದಯದಿಂದ ಹೊರಡುವ ಮಹಾಪಧಮನಿಯ ಬುಡದಲ್ಲೇ ಎರಡು ಸಣ್ಣ ನಾಳಗಳು ಕವಲೊಡೆದು, ಹೃದಯದ ಮೈಮೇಲೆ ಹಬ್ಬಿ, ಸ್ನಾಯುವಿಗೆ ರಕ್ತವನ್ನು ಒದಗಿಸುತ್ತವೆ. ಇವೇ ಪರಿಧಮನಿಗಳು. ಊರಿಗೆಲ್ಲ ನೀರು ಕೊಡುವವನೂ ತನ್ನ ಮನೆಗೆ ಅದೇ ಕೊಳಾಯಿಯಿಂದಲೇ ನೀರು ಹಿಡಿಯಬೇಕಾದಂತೆ ಇದು. ಈ ನಾಳಗಳು ಕಟ್ಟಿಕೊಂಡರೆ ಹೃದಯವು ರಕ್ತದ ನಡುವೆಯೇ ಬಾಯಾರಿ ಸಾಯುತ್ತದೆ.

ರಕ್ತನಾಳಗಳು ಕಟ್ಟಿಕೊಳ್ಳುವ ಬಗೆ

ಹನಿ ನೀರಾವರಿ ಮಾಡುವವರಿಗೆ ಕೊಳವೆಗಳೊಳಗೆ ಸುಣ್ಣದ ಅಂಶ ಕಟ್ಟುವುದು ಗೊತ್ತು. ಪರಿಧಮನಿಗಳಲ್ಲಿಯೂ ಸುಮಾರು ಹಾಗೆಯೇ ಆಗುತ್ತದೆ, ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಕೊಬ್ಬು ನಾಳದ ಒಳಗೋಡೆಯ ಮೇಲೆ ಮೆತ್ತಿಕೊಳ್ಳುವುದಿಲ್ಲ, ಗೋಡೆಯ ಪದರದೊಳಗೆ ಸೇರಿಕೊಳ್ಳುತ್ತದೆ. ಬೀಡಿ ಹೊಗೆ, ರಕ್ತದ ಏರೊತ್ತಡ, ಸಕ್ಕರೆ ಕಾಯಿಲೆ ಇವುಗಳಿಂದ ನಾಳದ ಒಳಪೊರೆ ಗಾಸಿಗೊಂಡಾಗ ರಕ್ತದಲ್ಲಿರುವ ಕೊಲೆಸ್ಟರಾಲ್ ಅದರೊಳಗೆ ನುಸುಳಿ, ಕ್ರಮೇಣ ಗಡ್ಡೆಯಾಗಿ ಬೆಳೆಯುತ್ತದೆ. ಇದು ಯೌವನದಲ್ಲೇ ಆರಂಭವಾಗಿ ಹತ್ತಾರು ವರ್ಷ ಸದ್ದಿಲ್ಲದೆ ನಡೆಯುವ ಕ್ರಿಯೆ.

ಗಡ್ಡೆಯು ನಾಳದ ದಾರಿಯನ್ನು ಕಿರಿದು ಮಾಡಿದಾಗ, ದಿಬ್ಬ ಹತ್ತುವಾಗ ಅಥವಾ ಮೂಟೆ ಹೊರುವಾಗ ಎದೆ ಹಿಂಡಿದಂತಾಗಿ, ನಿಂತರೆ ಕೆಲವೇ ನಿಮಿಷಗಳಲ್ಲಿ ಶಮನವಾಗುತ್ತದೆ. ಇದಕ್ಕೆ ಹೃದಯಶೂಲೆ ಎಂದು ಹೆಸರು. ಇದು ಹೃದಯವು ಕೊಡುವ ಮುನ್ನೆಚ್ಚರಿಕೆ.

ಕೆಲವೊಮ್ಮೆ ಗಡ್ಡೆಯ ಮೇಲಿನ ತೆಳುಪೊರೆ ಹಠಾತ್ತನೆ ಒಡೆಯುತ್ತದೆ. ಗಾಯವಾದ ಕಡೆ ರಕ್ತ ಹೆಪ್ಪುಗಟ್ಟುವಂತೆ ಅಲ್ಲಿಯೂ ಹೆಪ್ಪುಗಟ್ಟಿ, ನಾಳವು ಪೂರ್ತಿ ಮುಚ್ಚಿಹೋಗುತ್ತದೆ. ಇದೇ ಹೃದಯಾಘಾತ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದವನಿಗೆ ಇಂದು ಹೀಗಾಗುವುದಕ್ಕೆ ಕಾರಣವಿದು. ಗಡ್ಡೆ ದೊಡ್ಡದೇ ಆಗಿರಬೇಕೆಂದಿಲ್ಲ, ಒಡೆದರೆ ಸಾಕು. ನಾಳ ಮುಚ್ಚಿದ ಅರ್ಧ ಗಂಟೆಯೊಳಗೇ ಸ್ನಾಯು ಸಾಯಲಾರಂಭಿಸುತ್ತದೆ. ಗಂಟೆ ಕಳೆದಂತೆ ಸತ್ತ ಭಾಗ ಹಬ್ಬುತ್ತ ಹೋಗುತ್ತದೆ. ಬಾಡಿದ ಪೈರಿಗೆ ಸಕಾಲದಲ್ಲಿ ನೀರು ಕೊಟ್ಟರೆ ಚೇತರಿಸೀತು, ಒಣಗಿದ ಮೇಲೆ ಕೊಟ್ಟರೆ ಇಲ್ಲ. ಸತ್ತ ಹೃದಯದ ಸ್ನಾಯು ಮತ್ತೆ ಚಿಗುರುವುದಿಲ್ಲ.

ಹೃದಯಾಘಾತದ ಲಕ್ಷಣಗಳು

ಎದೆಯ ನಡುಭಾಗದಲ್ಲಿ ಭಾರ, ಬಿಗಿತ, ಹಿಂಡಿದಂತಾಗುವಿಕೆ ಅಥವಾ ಉರಿ ಇದರ ಮುಖ್ಯ ಲಕ್ಷಣ. ಚುಚ್ಚುವ ನೋವಿಗಿಂತ ಎದೆಯ ಮೇಲೆ ಮೂಟೆ ಇಟ್ಟಂತೆ ಎಂದು ಹೇಳುವವರೇ ಹೆಚ್ಚು. ನೋವು ಎಡ ತೋಳಿಗೆ, ಕೆಲವೊಮ್ಮೆ ಎರಡೂ ತೋಳುಗಳಿಗೆ, ಭುಜಕ್ಕೆ, ಬೆನ್ನಿಗೆ, ಕುತ್ತಿಗೆಗೆ, ಕೆಳದವಡೆಗೆ ಅಥವಾ ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದು. ತಣ್ಣನೆಯ ಬೆವರು, ಏದುಸಿರು, ವಾಕರಿಕೆ, ತಲೆ ತಿರುಗು, ಕಾರಣವಿಲ್ಲದ ವಿಪರೀತ ಸುಸ್ತು ಇವೂ ಜೊತೆಗೂಡಬಹುದು.

ಹೆಂಗಸರು, ವಯಸ್ಸಾದವರು ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವು ಅಷ್ಟಾಗಿ ಕಾಣಿಸದೆ, ಬರೀ ಏದುಸಿರು, ಬೆವರು ಅಥವಾ ಸುಸ್ತಿನ ರೂಪದಲ್ಲಿಯೇ ಹೃದಯಾಘಾತವಾಗಬಹುದು. "ಅವ್ವನಿಗೆ ಯಾಕೋ ಸುಸ್ತು, ಮಲಗಿಕೊಳ್ಳಲಿ ಬಿಡಿ" ಎಂದು ಮನೆಯವರು ಸುಮ್ಮನಾಗುವುದು ಇಂಥ ಸಮಯದಲ್ಲೇ.

ಹಾಗಾದರೆ ಗ್ಯಾಸಿನ ನೋವನ್ನು ಗುರುತಿಸುವುದು ಹೇಗೆಂದು ಕೇಳಬಹುದು. ಹೃದಯದ ಕೆಳಭಾಗ ಜಠರಕ್ಕೆ ಬಹಳ ಸಮೀಪದಲ್ಲಿದೆ. ಎರಡರ ನೋವೂ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳಬಹುದು. ತೇಗು ಬಂದರೆ ಗ್ಯಾಸೇ ಇರಬೇಕೆಂದು ತಿಳಿಯುವುದು ತಪ್ಪು, ಹೃದಯಾಘಾತದಲ್ಲಿಯೂ ತೇಗು, ವಾಂತಿ ಬರುವುದುಂಟು. ಅನುಭವಿ ವೈದ್ಯರೂ ಇ.ಸಿ.ಜಿ. ತೆಗೆಯದೆ ತೀರ್ಮಾನಕ್ಕೆ ಬರುವುದಿಲ್ಲ. ಇನ್ನು ನಾವು ಹೊಲದ ಬದುವಿನ ಮೇಲೆ ಕುಳಿತು ತೀರ್ಮಾನಿಸುವುದು ಹೇಗೆ? ಇ.ಸಿ.ಜಿ. ತೆಗೆಸಿ ಗ್ಯಾಸೆಂದು ತಿಳಿದರೆ ಅರ್ಧ ದಿನದ ಕೂಲಿ ಹೋದೀತು. ಗ್ಯಾಸೆಂದು ಸುಮ್ಮನಿದ್ದು ಹೃದಯಾಘಾತವಾದರೆ ಹೋಗುವುದು ಪ್ರಾಣ.

ಕೂಡಲೇ ಮಾಡಬೇಕಾದ ಕೆಲಸಗಳು

1. ಮೇಲೆ ಹೇಳಿದ ಲಕ್ಷಣಗಳು ಹತ್ತು-ಹದಿನೈದು ನಿಮಿಷವಾದರೂ ಕಡಿಮೆಯಾಗದಿದ್ದರೆ, ಅಥವಾ ಬೆವರು, ಏದುಸಿರು ಜೊತೆಗಿದ್ದರೆ ಒಂದು ನಿಮಿಷವೂ ಕಾಯದೆ, 108ಕ್ಕೆ ಕರೆ ಮಾಡತಕ್ಕದ್ದು.

2. ರೋಗಿಯನ್ನು ನಡೆಸಬಾರದು. ಒರಗಿ ಕುಳಿತುಕೊಳ್ಳುವಂತೆ ಮಾಡಿ, ಬಿಗಿಯಾದ ಬಟ್ಟೆ ಸಡಿಲಿಸಿ, ಧೈರ್ಯ ಹೇಳಬೇಕು. ಊಟ, ಸೋಡಾ, ಕಷಾಯ ಏನನ್ನೂ ಕೊಡುವುದು ಬೇಡ.

3. ಆಂಬ್ಯುಲೆನ್ಸ್ ಬರುವುದು ತಡವಾಗುವಂತಿದ್ದರೆ ಊರಿನಲ್ಲಿ ಸಿಗುವ ಕಾರಿನಲ್ಲೋ ಜೀಪಿನಲ್ಲೋ ಹೊರಡಬೇಕು. ರೋಗಿಯು ತಾನೇ ಬೈಕ್ ಓಡಿಸಿಕೊಂಡು ಹೋಗುವುದು ಅತ್ಯಂತ ಅಪಾಯಕರ.

4. ಇ.ಸಿ.ಜಿ. ಮತ್ತು ತುರ್ತು ಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ದಾರಿಯಲ್ಲಿ ಸಣ್ಣ ಚಿಕಿತ್ಸಾಲಯಗಳಲ್ಲಿ ಸಾಲಿನಲ್ಲಿ ಕುಳಿತರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಹತ್ತಿರದಲ್ಲಿ ಈ ಸೌಲಭ್ಯ ಎಲ್ಲಿದೆ ಎಂಬುದನ್ನು ಇಂದೇ ತಿಳಿದು ಬರೆದಿಡುವುದು ಒಳ್ಳೆಯದು.

5. ರಕ್ತ ಹೆಪ್ಪುಗಟ್ಟುವುದನ್ನು ತಡೆಯಲು 300 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಿಸುವ ಪದ್ಧತಿಯಿದೆ. ದೂರವಾಣಿಯಲ್ಲಿ ವೈದ್ಯರು ಅಥವಾ 108ರ ಸಿಬ್ಬಂದಿ ಹೇಳಿದರೆ ಕೊಡಬಹುದು. ಆಸ್ಪಿರಿನ್ ಒಗ್ಗದವರಿಗೆ, ಹೊಟ್ಟೆಯಲ್ಲಿ ಹುಣ್ಣು ಅಥವಾ ರಕ್ತಸ್ರಾವ ಇರುವವರಿಗೆ, ಪಾರ್ಶ್ವವಾಯುವಿನ ಲಕ್ಷಣವಿರುವವರಿಗೆ ಕೊಡಕೂಡದು. ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಬೇರೆಯವರಿಂದ ಪಡೆದು ಕೊಡುವುದು ಬೇಡ, ರಕ್ತದೊತ್ತಡ ಈಗಾಗಲೇ ಕುಸಿದಿದ್ದರೆ ಅದರಿಂದ ಅನಾಹುತವಾದೀತು.

ಆಸ್ಪತ್ರೆಯಲ್ಲಿ ನಾಳವನ್ನು ತೆರೆಯಲು ಎರಡು ದಾರಿಗಳಿವೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಒಂದು. ತೋಳಿನ ಅಥವಾ ತೊಡೆಯ ರಕ್ತನಾಳದ ಮೂಲಕ ಸಣ್ಣ ಬಲೂನನ್ನು ಕಳುಹಿಸಿ ನಾಳವನ್ನು ಅಗಲಿಸಿ, ಜಾಲರಿಯ ಕೊಳವೆಯನ್ನು ಕೂರಿಸುವ ಆಂಜಿಯೋಪ್ಲಾಸ್ಟಿ ಇನ್ನೊಂದು. ಬಲೂನಿನ ಈ ವಿಧಾನವನ್ನು 1977ರಲ್ಲಿ ಜ್ಯೂರಿಚ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಬಾರಿಗೆ ಮನುಷ್ಯನ ಹೃದಯದ ನಾಳದಲ್ಲಿ ಯಶಸ್ವಿಯಾಗಿ ನಡೆಸಿದನು. ಆಂಜಿಯೋಪ್ಲಾಸ್ಟಿ ಎರಡು ಗಂಟೆಯೊಳಗೆ ಸಿಗುವಂತಿದ್ದರೆ ಅದೇ ಮೇಲು. ದೂರದ ಹಳ್ಳಿಯವರಿಗೆ ಮೊದಲು ಚುಚ್ಚುಮದ್ದು, ಆಮೇಲೆ ದೊಡ್ಡ ಆಸ್ಪತ್ರೆ ಎಂಬ ಕ್ರಮವನ್ನು ಅನುಸರಿಸುತ್ತಾರೆ. ಚುಚ್ಚುಮದ್ದಿನ ಪ್ರಯೋಜನ ಮೊದಲ ಮೂರು ಗಂಟೆಗಳಲ್ಲಿ ಅತಿ ಹೆಚ್ಚು, ಹನ್ನೆರಡು ಗಂಟೆ ಕಳೆದ ಮೇಲೆ ಅತ್ಯಲ್ಪ.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ರಾಜ್ಯದ ಜನರಿಗೆಲ್ಲ ತಿಳಿದಿದೆ. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರಗಳ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ. ಆದರೆ ಯಾವ ಯೋಜನೆಯೂ ಮನೆಯಲ್ಲಿ ಸೋಡಾ ಕುಡಿಯುತ್ತ ಕುಳಿತವನ ಬಳಿಗೆ ಬರಲಾರದು.

ಹೃದಯ ನಿಂತುಹೋದಾಗ

ಹೃದಯಾಘಾತವೂ ಹೃದಯಸ್ತಂಭನವೂ ಒಂದೇ ಅಲ್ಲ. ಮೊದಲನೆಯದರಲ್ಲಿ ನಾಳ ಕಟ್ಟಿಕೊಂಡಿರುತ್ತದೆ, ಆದರೂ ಹೃದಯ ಬಡಿಯುತ್ತಿರುತ್ತದೆ, ರೋಗಿ ಮಾತನಾಡುತ್ತಿರುತ್ತಾನೆ. ಎರಡನೆಯದರಲ್ಲಿ ಬಡಿತವೇ ನಿಂತು, ಅಥವಾ ತಾಳ ತಪ್ಪಿ ಬರೀ ಅದುರಿ, ವ್ಯಕ್ತಿ ತಟ್ಟನೆ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಕರೆದರೆ ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುವುದಿಲ್ಲ. ಹೃದಯಾಘಾತವೇ ಹೃದಯಸ್ತಂಭನಕ್ಕೆ ಕಾರಣವಾಗುವುದು ಸಾಮಾನ್ಯ.

ಆಗ 108ಕ್ಕೆ ಕರೆ ಮಾಡಲು ಒಬ್ಬರಿಗೆ ಹೇಳಿ, ಇನ್ನೊಬ್ಬರು ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಎದೆಯ ನಡುವೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಬಾಗಿಸದೆ, ಎದೆಯು ಸುಮಾರು 5 ಸೆಂಟಿಮೀಟರ್ ಕೆಳಕ್ಕಿಳಿಯುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ನೆರವು ಬರುವವರೆಗೂ ನಿಲ್ಲಿಸಬಾರದು, ದಣಿವಾದರೆ ಕೈ ಬದಲಾಯಿಸಿಕೊಳ್ಳಬೇಕು. ಈರುಳ್ಳಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ನೀರು ಹಾಕುವುದು ಇವುಗಳಿಂದ ಪ್ರಯೋಜನವಿಲ್ಲ. ನೀರು ಶ್ವಾಸನಾಳಕ್ಕೆ ಹೋದರೆ ಅಪಾಯವೇ ಹೆಚ್ಚು.

ಯಾರಿಗೆ ಅಪಾಯ ಹೆಚ್ಚು?

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಒಂದು ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತಕ್ಕೆ ಕಾರಣವಾಗುವ ಅಪಾಯದಲ್ಲಿ ಶೇಕಡ 90ರಷ್ಟು ಕೇವಲ ಒಂಬತ್ತು ಅಂಶಗಳಿಗೆ ಸೇರಿದ್ದೆಂದು ಅದರಿಂದ ತಿಳಿದುಬಂತು. ಅವು ಯಾವುವೆಂದರೆ, ರಕ್ತದಲ್ಲಿ ಕೆಟ್ಟ ಕೊಬ್ಬಿನಂಶ, ಧೂಮಪಾನ, ಏರೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿಗಳನ್ನು ತಿನ್ನದಿರುವುದು, ದೇಹಶ್ರಮದ ಅಭಾವ ಮತ್ತು ಮದ್ಯಪಾನಕ್ಕೆ ಸಂಬಂಧಿಸಿದ ಅಂಶ. ಮದ್ಯದ ವಿಷಯದಲ್ಲಿ, ಕುಡಿಯದವರು ಹೃದಯಕ್ಕೆ ಒಳ್ಳೆಯದೆಂದು ಆರಂಭಿಸಕೂಡದೆಂಬುದೇ ಇಂದಿನ ವೈದ್ಯರ ಸಲಹೆ. ಅದೇ ಅಧ್ಯಯನದಲ್ಲಿ ಕಂಡುಬಂದ ಇನ್ನೊಂದು ವಿಷಯ ನಮಗೆ ಮುಖ್ಯ. ಭಾರತವೂ ಸೇರಿದ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಮಧ್ಯಮ ವಯಸ್ಸು 53. ಬೇರೆ ದೇಶದವರಿಗೆ ಸುಮಾರು 59.

ಏರೊತ್ತಡ ಮತ್ತು ಸಕ್ಕರೆ ಕಾಯಿಲೆಗಳು ಬಹಳ ವರ್ಷ ಯಾವ ನೋವನ್ನೂ ಕೊಡುವುದಿಲ್ಲ. ಮಣ್ಣಿನಲ್ಲಿ ಸತುವಿನ ಕೊರತೆಯಿದೆಯೇ ಎಂದು ಕಣ್ಣಿನಿಂದ ನೋಡಿ ಹೇಳಲಾಗುವುದಿಲ್ಲ, ಪರೀಕ್ಷೆ ಮಾಡಿಸಬೇಕು. ಹಾಗೆಯೇ ಇದು. ರಕ್ತದೊತ್ತಡವು ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಏರೊತ್ತಡವೆಂದು ತಿಳಿಯಬೇಕು. 30 ವರ್ಷ ದಾಟಿದವರು ವರ್ಷಕ್ಕೊಮ್ಮೆಯಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು.

ಹೊಗೆಸೊಪ್ಪಿನ ಮಾತು ಹೇಳುವಾಗ ಬೇಸಾಯಶಾಸ್ತ್ರದವನಾದ ನನಗೆ ಸಂಕೋಚವಾಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಅದು ಸಾವಿರಾರು ಕುಟುಂಬಗಳ ಅನ್ನದ ಬೆಳೆ. ಆದರೆ ಸತ್ಯವನ್ನು ಮರೆಮಾಚುವಂತಿಲ್ಲ. ಬೀಡಿ, ಸಿಗರೇಟು, ಜಗಿಯುವ ತಂಬಾಕು ಎಲ್ಲವೂ ಹೃದಯಕ್ಕೆ ಹಾನಿಕರ. ದಿನಕ್ಕೆ ಎರಡೇ ಬೀಡಿ ಎಂಬ ಸಮಾಧಾನವೂ ಸಲ್ಲದು. ಒಳ್ಳೆಯ ಸಮಾಚಾರವೆಂದರೆ, ಬಿಟ್ಟ ಒಂದು ವರ್ಷದಲ್ಲಿ ಧೂಮಪಾನದಿಂದ ಬಂದ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ.

ರೈತ ದುಡಿಯುತ್ತಾನಲ್ಲ, ಅವನಿಗೇಕೆ ಹೃದ್ರೋಗ?

ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯ ಮತ್ತು ಆತನ ಸಂಗಡಿಗರು ಎರಡು ಅಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ನಡೆಸಿದ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ದಿನವಿಡೀ ಕುಳಿತು ಬಸ್ ಓಡಿಸುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಬಸ್ಸು ಒಂದೇ, ಸಂಬಳವೂ ಹೆಚ್ಚುಕಡಿಮೆ ಒಂದೇ, ಬೇರೆಯಾಗಿದ್ದದ್ದು ಮುಖ್ಯವಾಗಿ ಕಾಲಿನ ಕೆಲಸ.

ನಮ್ಮ ಹಳ್ಳಿಗಳಲ್ಲೂ ಇಂದು ಹೀಗೆಯೇ ಆಗಿದೆ. ಎತ್ತಿನ ಹಿಂದೆ ಮೈಲಿಗಟ್ಟಲೆ ನಡೆದ ತಂದೆಯ ಮಗ ಟ್ರ್ಯಾಕ್ಟರಿನ ಮೇಲೆ ಕುಳಿತಿದ್ದಾನೆ. ಹೊಲಕ್ಕೆ ಹೋಗುವುದು ಬೈಕಿನಲ್ಲಿ, ಮೋಟಾರ್ ಹಾಕುವುದು ಮೊಬೈಲಿನಲ್ಲಿ. ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಕೆಲಸ ಕಡಿಮೆಯಾದರೂ ತಟ್ಟೆಯ ಅನ್ನ ಕಡಿಮೆಯಾಗಿಲ್ಲವೆಂಬುದೇ ತೊಂದರೆ. ನಾಟಿ, ಕೊಯ್ಲಿನ ದಿನಗಳಲ್ಲಿ ವಿಪರೀತ ದುಡಿದು ಉಳಿದ ತಿಂಗಳುಗಳಲ್ಲಿ ಜಗಲಿಯ ಮೇಲೆ ಕೂರುವುದರಿಂದಲೂ ಪ್ರಯೋಜನವಿಲ್ಲ. ವಾರದಲ್ಲಿ ಐದು ದಿನವಾದರೂ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಹೊಲದ ಬದುವೇ ಇದಕ್ಕೆ ಸಾಕು.

ಸಾಲದ ಚಿಂತೆ, ಮಳೆಯ ಚಿಂತೆ, ಧಾರಣೆಯ ಚಿಂತೆ ಬೇಸಾಯದ ಜೊತೆಗೇ ಬಂದವು. ಮನಸ್ಸಿನ ಒತ್ತಡವೂ ಹೃದಯಕ್ಕೆ ಭಾರವೆಂಬುದನ್ನು ಮೇಲಿನ ಅಧ್ಯಯನ ತೋರಿಸಿದೆ. ಚಿಂತೆಯನ್ನು ಬೀಡಿ, ಹೆಂಡಗಳಲ್ಲಿ ಮರೆಯಲು ಹೋದರೆ ಭಾರ ಇಮ್ಮಡಿಯಾಗುತ್ತದೆ. ಮನೆಯವರೊಡನೆ ಹೇಳಿಕೊಳ್ಳುವುದು, ಸರಿಯಾಗಿ ನಿದ್ರಿಸುವುದು, ತೀರ ಕಷ್ಟವಾದಾಗ ವೈದ್ಯರ ನೆರವು ಪಡೆಯುವುದು ನಾಚಿಕೆಯ ವಿಷಯವಲ್ಲ.

ಊಟದಲ್ಲಿ ಉಪ್ಪು ಮತ್ತು ಎಣ್ಣೆ

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಲೆಕ್ಕ ಹಾಕಿದರೆ ಐದು ಜನರ ಕುಟುಂಬಕ್ಕೆ ತಿಂಗಳಿಗೆ ಮುಕ್ಕಾಲು ಕಿಲೋ. ಇದರಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಯ ಉಪ್ಪೂ ಸೇರಬೇಕು. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಪೊಟ್ಟಣ ಬರುತ್ತದೆ ಎಂದು ಒಮ್ಮೆ ಗಮನಿಸಿ. ಮುದ್ದೆಯ ಹಿಟ್ಟಿಗೆ, ಅನ್ನಕ್ಕೆ, ಮಜ್ಜಿಗೆಗೆ ಉಪ್ಪು ಹಾಕುವುದನ್ನು ಬಿಟ್ಟರೆ ಸಾಕಷ್ಟು ಉಳಿತಾಯವಾಗುತ್ತದೆ.

ಎಣ್ಣೆ: ತಲೆಗೆ ದಿನಕ್ಕೆ 25 ಗ್ರಾಂ ಸುಮಾರು, ಅಂದರೆ ಐದು ಜನರಿಗೆ ತಿಂಗಳಿಗೆ ನಾಲ್ಕು ಲೀಟರ್ ಸಾಕು. ಕುಸುಬೆ, ಸೂರ್ಯಕಾಂತಿ, ಹುಚ್ಚೆಳ್ಳು, ಎಳ್ಳು, ಶೇಂಗಾ ಎಣ್ಣೆಗಳಲ್ಲಿ ಅಪರ್ಯಾಪ್ತ ಕೊಬ್ಬು ಹೆಚ್ಚು. ಕೊಬ್ಬರಿ ಎಣ್ಣೆಯಲ್ಲಿ ಶೇಕಡ 90ರಷ್ಟು, ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಪರ್ಯಾಪ್ತ ಕೊಬ್ಬಿದ್ದು, ಇದು ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆ. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಬದಲಾಯಿಸಿ ಬಳಸುವುದು ಒಳ್ಳೆಯದು. ವನಸ್ಪತಿ ತುಪ್ಪದಲ್ಲಿ ಬರುವ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದು ಶೇಕಡ 2ನ್ನು ಮೀರಬಾರದೆಂಬ ನಿಯಮವಿದೆ. ಆದರೆ ಒಮ್ಮೆ ಕಾಯಿಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಬೋಂಡಾ, ಬಜ್ಜಿ ಕರಿಯುವಾಗ ಹಾನಿಕರ ವಸ್ತುಗಳು ಹುಟ್ಟುವುದನ್ನು ಯಾವ ನಿಯಮವೂ ತಡೆಯಲಾರದು.

ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿಯ ಜೊತೆ ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಕಾಳಿನ ಪಲ್ಯ, ಹಸಿ ಸೊಪ್ಪು ಇರುತ್ತವೆ. ಅಗಸೆಯ ಎಣ್ಣೆಯಲ್ಲಿ ಅರ್ಧದಷ್ಟು ಲಿನೋಲೆನಿಕ್ ಆಮ್ಲವಿದ್ದು, ನಮ್ಮ ಇತರ ಎಣ್ಣೆಗಳಲ್ಲಿ ಇದು ಬಹಳ ಕಡಿಮೆ. ದಕ್ಷಿಣದಲ್ಲಿ ರಾಗಿ, ಹುರುಳಿ, ಅವರೆ, ಸೊಪ್ಪಿನ ಬಸ್ಸಾರು ಇವೆ. ಇವೆಲ್ಲ ನಾರಿನಂಶವುಳ್ಳ ಒಳ್ಳೆಯ ಆಹಾರಗಳೇ. ಆದರೆ ಮುದ್ದೆಯೂ ಹಿಟ್ಟೇ ಎಂಬುದನ್ನು ಮರೆಯಬಾರದು. ಸಕ್ಕರೆ ಕಾಯಿಲೆಯವರು ರಾಗಿಯೆಂದು ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಅಥವಾ ಅನ್ನವನ್ನು ಕಡಿಮೆ ಮಾಡಿ ಕಾಳು, ಸೊಪ್ಪು, ತರಕಾರಿಯನ್ನು ಹೆಚ್ಚಿಸಬೇಕು. ಬೆಳೆದ ಸೊಪ್ಪನ್ನೆಲ್ಲ ಪೇಟೆಗೆ ಕಳುಹಿಸಿ ಮನೆಯಲ್ಲಿ ಬರೀ ಸಾರು-ಅನ್ನ ಉಣ್ಣುವ ಪದ್ಧತಿ ಹೋಗಬೇಕು.

ಮಕ್ಕಳಲ್ಲಿ ಕವಾಟದ ರೋಗ

ಹೃದ್ರೋಗ ದೊಡ್ಡವರದ್ದು ಮಾತ್ರವಲ್ಲ. 5ರಿಂದ 15 ವರ್ಷದ ಮಕ್ಕಳಲ್ಲಿ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲುನೋವು ಬಂದು, ಅದಕ್ಕೆ ಸರಿಯಾದ ಚಿಕಿತ್ಸೆ ಆಗದಿದ್ದರೆ, ಎರಡು-ಮೂರು ವಾರಗಳ ನಂತರ ಜ್ವರ ಮತ್ತು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ಕೀಲುನೋವು ಕಾಣಿಸಿಕೊಳ್ಳಬಹುದು. ಇದಕ್ಕೆ ರುಮ್ಯಾಟಿಕ್ ಜ್ವರವೆಂದು ಹೆಸರು. ಕೀಲುನೋವು ವಾಸಿಯಾಗುತ್ತದೆ, ಆದರೆ ಹೃದಯದ ಕವಾಟಗಳು ಗಾಸಿಗೊಂಡು ಮುಂದೆ ಕಿರಿದಾಗುತ್ತವೆ ಅಥವಾ ಸೋರುತ್ತವೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ಇದು ಬೆಳಕಿಗೆ ಬರುವುದು ಬಸುರಿನಲ್ಲಿ ಏದುಸಿರು ಹೆಚ್ಚಿದಾಗ.

ಮಗುವಿನ ಗಂಟಲುನೋವಿಗೆ ಜ್ವರವೂ ಸೇರಿದರೆ ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ದಿನವೂ ಔಷಧಿಯನ್ನು ಕೊಡಬೇಕು. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು-ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ಅನೇಕ ವರ್ಷ ಕೊಡಿಸಬೇಕಾಗುತ್ತದೆ. ಮಗು ಆಡಿಕೊಂಡಿದೆಯೆಂದು ನಡುವೆ ನಿಲ್ಲಿಸಬಾರದು.

ಹೃದಯ ದುರ್ಬಲವಾದಾಗ

ಹಳೆಯ ಹೃದಯಾಘಾತ, ಬಹುಕಾಲದ ಏರೊತ್ತಡ ಅಥವಾ ಕವಾಟದ ರೋಗದಿಂದ ಹೃದಯದ ತಳ್ಳುವ ಶಕ್ತಿ ಕುಂದಬಹುದು. ಆಗ ಪಾದಗಳಲ್ಲಿ ಊತ, ಅಂಗಾತ ಮಲಗಿದರೆ ಉಸಿರು ಕಟ್ಟಿ ಏಳುವುದು, ಸ್ವಲ್ಪ ಕೆಲಸಕ್ಕೇ ದಣಿವು ಕಾಣಿಸಿಕೊಳ್ಳುತ್ತವೆ. ಇಂಥವರು ಉಪ್ಪನ್ನು ಕಟ್ಟುನಿಟ್ಟಾಗಿ ಕಡಿಮೆ ಮಾಡಿ, ಮಾತ್ರೆಗಳನ್ನು ತಪ್ಪದೆ ಸೇವಿಸಿದರೆ ಅನೇಕ ವರ್ಷ ಚೆನ್ನಾಗಿ ಬಾಳಬಹುದು.

ಮಾತ್ರೆಗಳ ಬಗ್ಗೆ ಒಂದು ಮಾತು. ಒತ್ತಡ ಸರಿಯಾಯಿತೆಂದು ಮಾತ್ರೆ ನಿಲ್ಲಿಸುವವರು ಬಹಳ. ಒತ್ತಡ ಸರಿಯಾಗಿರುವುದೇ ಮಾತ್ರೆಯಿಂದ. ಹೊಳೆಮತ್ತಿಯ ತೊಗಟೆಯ ಕಷಾಯ ಕುಡಿಯುವ ರೂಢಿ ನಮ್ಮಲ್ಲಿದೆ. ಕುಡಿಯುವವರು ವೈದ್ಯರಿಗೆ ತಿಳಿಸಬೇಕು, ಅದನ್ನು ನಂಬಿ ಮಾತ್ರೆಯನ್ನು ಮಾತ್ರ ಬಿಡಕೂಡದು.

ವಿಸ್ತರಣಾ ಕಾರ್ಯಕರ್ತರಲ್ಲಿ ವಿನಂತಿ

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಜನರು ಹೆದರಿ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದರು. ಹೆದರಿಕೆ ಇಳಿದ ಮೇಲೆ ಸಾಲೂ ಕರಗಿತು. ಒಂದು ದಿನದ ಇ.ಸಿ.ಜಿ. ಸರಿಯಾಗಿದ್ದ ಮಾತ್ರಕ್ಕೆ ಮುಂದೆಂದೂ ತೊಂದರೆಯಿಲ್ಲವೆಂದು ಅರ್ಥವಲ್ಲ. ವರ್ಷ ವರ್ಷವೂ ನಡೆಯುವ ಸಣ್ಣ ತಪಾಸಣೆಯೇ ಮೇಲು.

ಆದುದರಿಂದ ಕ್ಷೇತ್ರೋತ್ಸವ, ಕೃಷಿ ಮೇಳ, ರೈತರ ತರಬೇತಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು, ಆಶಾ ಕಾರ್ಯಕರ್ತೆಯರನ್ನು ಆಹ್ವಾನಿಸಿ ರಕ್ತದೊತ್ತಡ ಅಳೆಯುವ ಒಂದು ಮೇಜನ್ನು ಇಡಿಸಬಹುದು. ಎದೆ ಒತ್ತುವ ವಿಧಾನವನ್ನು ಯುವಕರಿಗೆ ತೋರಿಸಬಹುದು. ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಬಿತ್ತನೆ ಬೀಜದ ದರದ ಪಕ್ಕದಲ್ಲೇ, ಹತ್ತಿರದ ಇ.ಸಿ.ಜಿ. ಸೌಲಭ್ಯವಿರುವ ಆಸ್ಪತ್ರೆಯ ಹೆಸರು, ದೂರವಾಣಿ ಸಂಖ್ಯೆ ಬರೆಸಬಹುದು. ಇವಕ್ಕೆ ಹೆಚ್ಚಿನ ಖರ್ಚಿಲ್ಲ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆ ನಡುವೆ ಕೆಲವು ವರ್ಷ ನಿಂತು ಮತ್ತೆ ಜಾರಿಗೆ ಬಂದಿದೆ. ಅದರ ಹಾಗೂ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ನೋಂದಣಿಯ ಬಗ್ಗೆಯೂ ರೈತರಿಗೆ ತಿಳಿಸಿಕೊಡಬೇಕು. ಕಾರ್ಡು ಮಾಡಿಸಬೇಕಾದದ್ದು ಎದೆನೋವು ಬಂದ ದಿನವಲ್ಲ, ಅದಕ್ಕೆ ಮುಂಚೆ.

ಆ ರೈತರ ಹೊಲದಲ್ಲಿ ಈ ವರ್ಷವೂ ರಾಗಿ ಚೆನ್ನಾಗಿ ಬಂದಿತ್ತು. ವಾರಕ್ಕೆ ಮಾಡುತ್ತಿರುವವರು ಕೊಯ್ದರು, ಅವರು ಕಣದ ಅಂಚಿನಲ್ಲಿ ಕುಳಿತು ನೋಡಿದರು. ಅಂದು ಬೆಳಿಗ್ಗೆ 11 ಗಂಟೆಗೆ ನಮ್ಮ ಜೀಪು ಅಲ್ಲಿಯೇ ನಿಂತಿತ್ತು, ತಾಲ್ಲೂಕು ಆಸ್ಪತ್ರೆ ಅರ್ಧ ಗಂಟೆಯ ದಾರಿ. ಆ ಹೊತ್ತಿಗೆ ನೋವು ಬಂದು ಐದು ಗಂಟೆಯಷ್ಟೇ ಆಗಿತ್ತು. ಉಳಿದ ಐದು ಗಂಟೆಗಳನ್ನು ನಮ್ಮ ಅಜ್ಞಾನ ನುಂಗಿತು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಯಾರಾದರೂ ಎದೆ ಹಿಡಿದು ಕುಳಿತರೆ, ದಯವಿಟ್ಟು ಸೋಡಾ ತರಲು ಹೋಗಬೇಡಿ. ವಾಹನ ತರಲು ಹೋಗಿ.